ತಾವು ಹಚ್ಚಿದ ಒಲೆಯಲ್ಲಿ ಕಡಲಪಾಚಿ ಇರಲಿಲ್ಲ

ನವೀಕರಿಸಬಹುದಾದ ಇಂಧನ ಯೋಜನೆಯ ಮಾನ್ಯ ಅಧಿಕಾರಿಗಳೇ,

ಕಳೆದ ನವೆಂಬರಿನಲ್ಲಿ ಪಣಂಬೂರಿನ ಕ್ಯಾಂಟೀನಿನಲ್ಲಿ ತಾವು ಉದ್ಘಾಟಿಸಿದ ಕಡಲಪಾಚಿ ಗ್ಯಾಸಿನ ಒಲೆ ಅಂದು ಉರಿದದ್ದು ಸಿಲಿಂಡರಿನಿಂದ. ಸಿಲಿಂಡರ್ ತಮ್ಮ ನಗುಮುಖದ ಬ್ಯಾನರಿನ ಹಿಂದೆಯೇ ಇತ್ತು. ಅದಕ್ಕೆ ಪೈಪ್ ಜೋಡಿಸಲು ಒಪ್ಪಿದವಳು ನಾನು. ಆ ಸುಳ್ಳಿನಿಂದಾಗಿ ನಮ್ಮ ಗ್ಯಾಸ್ ಘಟಕ ಈಗ ಉಪ್ಪು ತಿಂದು ಸಾಯುತ್ತಿದೆ. ತಮ್ಮ ಕಡತದಲ್ಲಿ ಮಾತ್ರ ಅದು ಆರೋಗ್ಯವಾಗಿದೆ.

ನಡೆದದ್ದು ಹೀಗೆ. ಬಂದರಿನ ಲಾರಿ ಚಾಲಕರಿಗೆ ಗಂಜಿ ಊಟ ಬಡಿಸುವ ಬೀಫಾತಿಮ್ಮನವರ ಕ್ಯಾಂಟೀನಿದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ, ಕಡಲ ಬಂಡೆಗಳ ಬಳಿ ರಾಶಿ ಬೀಳುವ ಪಾಚಿಯನ್ನು ತೊಟ್ಟಿಯಲ್ಲಿ ಕೊಳೆಸಿ, ಅದರ ಗ್ಯಾಸಿನಿಂದ ಅವರ ಒಲೆ ಉರಿಸಬಹುದೇ ಎಂದು ನೋಡುವ ಆಸೆ. ಬೀಫಾತಿಮ್ಮ ಸೌದೆ ಇಡುವ ಜಾಗ ಬಿಟ್ಟುಕೊಟ್ಟರು. ತಮ್ಮ ಕಚೇರಿ ತೊಟ್ಟಿ ಕಟ್ಟಿಸಿತು. ಪಾಚಿಯ ಉಪ್ಪು ಕಳೆಯಲು ಬೇಕಾದ ತೊಳೆಯುವ ತೊಟ್ಟಿ ಮತ್ತು ನೀರಿನ ಸಂಪರ್ಕ ಎರಡನೇ ಹಂತದಲ್ಲಿ ಎಂದಿತು. ಅಲ್ಲಿಯವರೆಗೆ ಬಾಲ್ದಿಯಲ್ಲಿ ತೊಳೆದರಾಯಿತು ಎಂದು ನಾವೂ ಒಪ್ಪಿದೆವು. ಸೆಗಣಿ ಬೆರೆಸಿ ಮೊದಲ ಪಾಚಿ ತುಂಬಿದ ಒಂಬತ್ತನೇ ದಿನ ತಮ್ಮ ಕಚೇರಿಯಿಂದ ಫೋನ್ ಬಂತು, ಶನಿವಾರ ಉದ್ಘಾಟನೆ ಎಂದು.

"ಗ್ಯಾಸ್ ಇನ್ನೂ ಬರ್ಲಿಲ್ಲ ಸರ್. ಮೂರು ನಾಲ್ಕು ವಾರ ಬೇಕು."

"ಬ್ಯಾನರ್ ಪ್ರಿಂಟ್ ಆಗಿದೆ ಮೇಡಂ."

ಸೂಕ್ಷ್ಮಜೀವಿಗಳಿಗೆ ಆಮಂತ್ರಣ ಪತ್ರಿಕೆ ಓದಲು ಬರುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ನಮ್ಮ ಪ್ರಯೋಗಾಲಯದ ಸಹಾಯಕ ಕೆಲ್ವಿನ್, "ಒಂದು ಪೈಪ್ ಅಲ್ವಾ ಟೀಚರ್, ಯಾರಿಗೆ ಗೊತ್ತಾಗ್ತದೆ?" ಎಂದರು. ಮನೆಗೆ ಬಂದವರಿಗೆ ಒಲೆ ಉರಿಯುವುದಿಲ್ಲ ಎನ್ನುವುದು ಹೇಗೆ ಎಂದು ನಾನೂ ಸಮಾಧಾನ ಮಾಡಿಕೊಂಡೆ. ಅದು ಸತ್ಕಾರವೋ ಹೆದರಿಕೆಯೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆಯ ಪಾಲೇ ಹೆಚ್ಚಿರಬೇಕು.

ತಾವು ಬಂದಿರಿ, ಕಡ್ಡಿ ಗೀರಿದಿರಿ, ನೀಲಿ ಜ್ವಾಲೆ ಎದ್ದಿತು. ತಾವು ಬಗ್ಗಿ ಮೂಗು ಹತ್ತಿರ ತಂದು, "ಎಂತ ಮಾರಾಯ್ರೇ, ವಾಸನೆಯೇ ಇಲ್ಲ! ಸಿಲಿಂಡರಿಗಿಂತ ಚೆಂದ ಉರೀತದಲ್ಲ!" ಎಂದಿರಿ. ಬೀಫಾತಿಮ್ಮ ತಲೆಯ ಶಾಲನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆನಂದಬಾಷ್ಪ ಎಂದುಕೊಂಡ ಫೋಟೋಗ್ರಾಫರ್ ಅವರ ಹಿಂದೆಯೇ ಓಡಿದ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ತಾವು ವರದಿ ಬರೆದಿರಿ. "ವಾಸನಾರಹಿತ, ಉತ್ತಮ ಜ್ವಾಲೆ. ತೊಳೆಯುವ ತೊಟ್ಟಿಯ ಅಗತ್ಯ ಕಂಡುಬರುವುದಿಲ್ಲ. ಯೋಜನೆ ಪೂರ್ಣಗೊಂಡಿದೆ." ತಮ್ಮ ತರ್ಕದಲ್ಲಿ ದೋಷವಿಲ್ಲ. ಪಾಚಿಯೇ ಸೇರದ ಒಲೆಗೆ ಉಪ್ಪಿನ ತೊಂದರೆ ಎಲ್ಲಿಂದ ಬರಬೇಕು?

ನಿಜವಾದ ಗ್ಯಾಸ್ ಬಂದದ್ದು ಪಾಚಿ ತುಂಬಿದ ಮೂವತ್ತೊಂದನೇ ದಿನ. ಬ್ಯಾನರ್ ಇರಲಿಲ್ಲ, ಕೊಳೆತ ಮೊಟ್ಟೆಯ ವಾಸನೆ ಇತ್ತು. ಜ್ವಾಲೆ ಎರಡು ಸಲ ಆರಿತು. ಮೂರನೇ ಸಲ ನಿಂತು ಉರಿದು, ಒಂದು ಪಾತ್ರೆ ಕುಚ್ಚಲಕ್ಕಿ ಗಂಜಿ ಬೇಯಿಸಿತು. ಕೆಲ್ವಿನ್ ಎರಡು ಬಟ್ಟಲು ಕುಡಿದರು. ಅಲ್ಲಿಂದ ಏಳು ವಾರ ದಿನವೂ ಗಂಜಿ ಬೆಂದಿತು. ಆಮೇಲೆ ಜ್ವಾಲೆ ಕುಗ್ಗತೊಡಗಿತು. ಬಾಲ್ದಿಯಲ್ಲಿ ತೊಳೆದರೆ ಉಪ್ಪು ಪೂರ್ತಿ ಹೋಗುವುದಿಲ್ಲ. ಅದು ತೊಟ್ಟಿಯಲ್ಲಿ ಸೇರುತ್ತ ಹೋದ ಹಾಗೆ ಗ್ಯಾಸ್ ಮಾಡುವ ಜೀವಿಗಳು ಸೊರಗುತ್ತವೆ. ಈಗ ಎರಡು ಲೋಟ ಚಹಾ ಆಗುವಷ್ಟು ಉರಿದರೆ ಪುಣ್ಯ.

"ನಿಮ್ಮ ಗ್ಯಾಸಿಗೆ ಎಂತ ಟೀಚರ್, ಉಪವಾಸವಾ? ನಮ್ಮ ರಂಝಾನ್ ಮುಗಿದು ತಿಂಗಳಾಯ್ತು, ಇದರದ್ದು ಮುಗಿಯುವ ಅಂದಾಜೇ ಇಲ್ಲ," ಎಂದರು ಬೀಫಾತಿಮ್ಮ ಮೊನ್ನೆ. ನಾನು ನಗಲು ಹೊರಟಾಗ ಅವರು ನಗುತ್ತಿರಲಿಲ್ಲ. "ಮಳೆ ಹಿಡಿಯುವ ಮೊದಲು ನನಗೆ ಸೌದೆ ಇಡ್ಲಿಕ್ಕೆ ಜಾಗ ಬೇಕು. ಮೇ ಕೊನೆಯ ತನಕ ನೋಡ್ತೇನೆ. ಮತ್ತೆ ಈ ತೊಟ್ಟಿ ಒಡೆಸ್ತೇನೆ. ಬೇಜಾರು ಮಾಡ್ಬೇಡಿ."

ಆರು ತಿಂಗಳು ಜಾಗ ಕೊಟ್ಟು, ವಾಸನೆ ಸಹಿಸಿ, ಗಿರಾಕಿಗಳ ತಮಾಷೆ ಕೇಳಿಸಿಕೊಂಡವರು ಅವರು. ಬೇಜಾರು ಮಾಡಿಕೊಳ್ಳಲು ನನಗೆ ಯಾವ ಹಕ್ಕಿದೆ? ಎರಡನೇ ಹಂತ ಕೇಳಲು ತಮ್ಮ ಕಚೇರಿಗೆ ಹೋದೆ. ಪೂರ್ಣಗೊಂಡ ಯೋಜನೆಗೆ ಎರಡನೇ ಹಂತ ಇರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಜೊತೆಗೆ ಒಂದು ಶುಭವಾರ್ತೆಯೂ ಸಿಕ್ಕಿತು. ನಮ್ಮ ಯಶಸ್ಸನ್ನು ನೋಡಿ ಇನ್ನೂ ನಾಲ್ಕು ಕಡೆ ಇದೇ ಮಾದರಿ ಬರಲಿದೆಯಂತೆ, ತೊಳೆಯುವ ತೊಟ್ಟಿಯಿಲ್ಲದೆ! ಹಾಗಾದರೆ ನಾಲ್ಕು ಸಿಲಿಂಡರುಗಳನ್ನೂ ಈಗಲೇ ಮಂಜೂರು ಮಾಡುವುದು ಒಳ್ಳೆಯದಲ್ಲವೇ?

ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವಳು ನಾನು. ಈ ಪತ್ರ ಸರಿಯಾಗಿದೆಯೇ ಎಂದು ಬೀಫಾತಿಮ್ಮನವರಿಗೆ ಓದಿ ಹೇಳಿದೆ. "ಇಷ್ಟು ಮರ್ಯಾದೆಯಲ್ಲಿ ಬರೆದ್ರೆ ಅವರಿಗೆ ತಾಗ್ಲಿಕ್ಕಿಲ್ಲ," ಎಂದರು. ಆದ್ದರಿಂದ ನೇರವಾಗಿ ಹೇಳುತ್ತೇನೆ. ಕಡತದಲ್ಲಿರುವ "ಪೂರ್ಣಗೊಂಡಿದೆ" ಎಂಬುದನ್ನು ಹೊಡೆದುಹಾಕಿ. ಮೇ ಮುಗಿಯುವುದರೊಳಗೆ ಇಲ್ಲಿಗೆ ತೊಳೆಯುವ ತೊಟ್ಟಿಯನ್ನೂ ನೀರನ್ನೂ ಕೊಡಿ. ಉಳಿದ ನಾಲ್ಕು ಕಡೆ ಅವಿಲ್ಲದೆ ಕೆಲಸ ಶುರು ಮಾಡಬೇಡಿ. ಶಿಸ್ತುಕ್ರಮ ಬೇಕಿದ್ದರೆ ನನ್ನ ಮೇಲಿರಲಿ, ಆ ಗಂಜಿಯ ಒಲೆಯ ಮೇಲೆ ಬೇಡ.

ಇಷ್ಟಾದ ಮೇಲೆ ಖಂಡಿತ ಮತ್ತೊಮ್ಮೆ ಬನ್ನಿ. ದಿನಾಂಕವನ್ನು ಮಾತ್ರ ತಾವು ನಿಗದಿ ಮಾಡಬೇಡಿ. ಗ್ಯಾಸ್ ಬಂದ ದಿನ ನಾವೇ ಫೋನ್ ಮಾಡುತ್ತೇವೆ.

ಇಂತಿ,
ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಕಲು ಮಾಡಿ, ದುರದೃಷ್ಟವಶಾತ್ ಪಾಸಾದ ಉಪನ್ಯಾಸಕಿ,
ಶೆರಿಲ್
ಫಳ್ನೀರ್, ಮಂಗಳೂರು