ಓಕ್ ಕಾಡಿನ ದಾರಿ ಬೇಡ

ಟ್ರೆಗಾರೋ, ಗುರುವಾರ

ಪ್ರೀತಿಯ ಕೆರೆನ್ಸಾ,

ನಿನ್ನ ಅಣ್ಣ ಡೆನ್ಜಿಲ್ ಗುಡ್ಡದ ಮಂಜಿನಲ್ಲಿ ಕಾಣೆಯಾಗಿ ಭಾನುವಾರಕ್ಕೆ ವರ್ಷವಾಗುತ್ತದೆ. ಅವರ ನೆನಪಿಗೆ ನಾವೆಲ್ಲ ನಡೆಯಬೇಕೆಂದಿರುವ ದಾರಿಯನ್ನು ನಿನ್ನೆ ನಾನೊಬ್ಬಳೇ ನಡೆದು ನೋಡಿದೆ. ಚರ್ಚಿನಿಂದ ಹೊರಟು, ಬೋಳುಗುಡ್ಡ ಹತ್ತಿ, ಜಲಾಶಯದ ಏರಿ ದಾಟಿ, ಹಳೆಯ ಓಕ್ ಕಾಡಿನೊಳಗಿಂದ ಮತ್ತೆ ಚರ್ಚಿಗೆ ಬರುವ ಸುತ್ತು. ಏರಿಯವರೆಗೆ ದಾರಿ ಚೆನ್ನಾಗಿದೆ. ಕಾಡನ್ನು ಮಾತ್ರ ಬಿಟ್ಟುಬಿಡೋಣ.

ಕಾಡಂಚಿನಲ್ಲಿ ಕುರಿ ಅಟ್ಟಿಕೊಂಡು ಬರುತ್ತಿದ್ದ ಮಿಸೆಸ್ ಪೆನ್‌ಹೇಲ್ ನನ್ನನ್ನು ತಡೆದರು. "ಒಳಗೆ ಯಾರಾದ್ರೂ ಕರೆದ್ರೆ ಓಗೊಡಬೇಡ ಕಣಮ್ಮ. ನಿನ್ನೋರ ದನೀಲೇ ಕರೀತದೆ. ಓಗೊಟ್ರೆ ಹಿಂದೇನೇ ಬರ್ತದೆ," ಎಂದರು. ನಾನು ನಕ್ಕೆ.

ಪಾಚಿ ಹಿಡಿದ ಮರಗಳ ನಡುವೆ ಗಾಳಿಯೂ ಇರಲಿಲ್ಲ. "ಟಾಮ್ಸಿನ್, ಎಷ್ಟೊತ್ತೇ ನಿಂದು? ಟೀ ಆರಿಹೋಯ್ತು," ಎಂದು ಡೆನ್ಜಿಲ್ ಕರೆದರು. ಅವರದೇ ಗೊಗ್ಗರು ದನಿ. ತಿರುಗಿ ನೋಡಿದರೆ ಯಾರೂ ಇಲ್ಲ.

"ಬಂದೆ" ಅಂದುಬಿಟ್ಟೆ, ಕೆರೆನ್ಸಾ. ವರ್ಷದಿಂದ ಆ ದನಿಗೆ ಕಾದವಳು ಸುಮ್ಮನಿರುವುದು ಹೇಗೆ?

ಶನಿವಾರವೇ ಬಂದು ನಾಯಿಯನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗು. ನಿನ್ನೆಯಿಂದ ಅದು ಅಂಗಳ ಬಿಟ್ಟು ಒಳಗೆ ಬರುತ್ತಿಲ್ಲ. ನೀನೂ ಗೇಟಿನ ಹತ್ತಿರವೇ ನಿಂತಿರು, ನಾನು ಹೊರಗೆ ಬರುತ್ತೇನೆ. ನಿನ್ನ ಅಣ್ಣನೇ ಕರೆದರೂ ಒಳಗೆ ಬರಬೇಡ.

ನಿನ್ನ ಅತ್ತಿಗೆ,
ಟಾಮ್ಸಿನ್