ಬೆಳಕು ನೋಡಲು ಕೂತವಳಿಗೆ

ಪ್ರೀತಿಯ ಅಕ್ಕ,

ಮೊದಲು ಕೂತುಕೋ. ಒಲೆಯ ಮೇಲೆ ಏನಾದರೂ ಇದ್ದರೆ ಆರಿಸಿ ಬಾ. ಭಾವ ಏನಾದರೂ ಕೇಳಿದರೆ ಸ್ವಲ್ಪ ಹೊತ್ತು ಕಾಯಲಿ, ಸವೆದು ಹೋಗುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ನಾನು ಎರಡು ಮಾತಾಡುವಷ್ಟರಲ್ಲಿ "ಹೂಂ ಹೂಂ, ಸಾಕು ಬಿಡು, ಊಟ ಆಯ್ತಾ?" ಎಂದು ಮಾತು ತೇಲಿಸಿಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ನಿನ್ನಿಂದಲೂ ಆಗದು, ಅದಕ್ಕೇ ಬರೆಯುತ್ತಿದ್ದೇನೆ. ಖುಷಿಗೆ ಅಕ್ಷರ ಸೊಟ್ಟಗಾಗಿದ್ದರೆ ಸಹಿಸಿಕೋ.

ನಿನ್ನ ಶಾಲೆಯ ಹತ್ತನೇ ತರಗತಿಯವರೆಲ್ಲ ಇಷ್ಟು ವರ್ಷಗಳ ಮೇಲೆ ಒಂದೆಡೆ ಸೇರುತ್ತಿದ್ದಾರೆ, ನೀನೂ ಬಾ ಎಂದು ನಿನ್ನ ಗೆಳತಿ, ಆ ಉದ್ದ ಜಡೆಯವಳು ಫೋನ್ ಮಾಡಿದ್ದಳಂತೆ. ನೀನು ಕೊಟ್ಟ ಉತ್ತರವನ್ನು ಅವಳೇ ನನಗೆ ಹೇಳಿದಳು. "ನಾನು ಒಂಬತ್ತಕ್ಕೇ ಬಿಟ್ಟೋಳು ಕಣೆ. ನಿಮ್ಮ ಹತ್ತನೇ ಕ್ಲಾಸಿನ ಫೋಟೋದಲ್ಲಿ ನಾನೆಲ್ಲಿದ್ದೀನಿ? ಬಂದು ಯಾರ ಪಕ್ಕ ನಿಲ್ಲಲಿ?" ನಗುನಗುತ್ತಲೇ ಹೇಳಿದೆಯಂತೆ. ಆದರೆ ನನ್ನ ಹತ್ತಿರ ಆ ಸುದ್ದಿಯನ್ನೇ ಎತ್ತಲಿಲ್ಲ. ನೀನು ಯಾವ ಸುದ್ದಿ ಎತ್ತುವುದಿಲ್ಲವೋ ಅದೇ ನಿನ್ನನ್ನು ಒಳಗೆ ಕೊರೆಯುತ್ತಿರುತ್ತದೆ. ನಿನ್ನ ಜೊತೆ ಒಂದೇ ಹೊದಿಕೆಯಲ್ಲಿ ಮಲಗಿ ಬೆಳೆದವಳು ನಾನು, ಇಷ್ಟೂ ತಿಳಿಯದೇ?

ಈಗ ಕೇಳು. ಆ ಕೂಟದವರು ಹತ್ತನೇ ತರಗತಿಯ ಹಳೆಯ ಫೋಟೋಗಳು ಬೇಕೆಂದು ಬಂದದ್ದು ನಮ್ಮ ಸ್ಟುಡಿಯೋಗೇ. ಅಪ್ಪನ ಕೈಗೆ ಪೆಟ್ಟಾಗಿ ಕೆಲಸ ನಿಂತಾಗ ನೀನು ಶಾಲೆ ಬಿಟ್ಟು, ಮಕ್ಕಳ ಫೋಟೋ ತೆಗೆಯುವವರ ಜೊತೆ ಊರ ಶಾಲೆಗಳಿಗೆಲ್ಲ ಲೈಟಿನ ಸ್ಟ್ಯಾಂಡು ಹೊತ್ತು ತಿರುಗಿದೆಯಲ್ಲ, ಅದೇ ಸ್ಟುಡಿಯೋ, ಅದೇ ಯಜಮಾನರು. ಈಗ ಕಂಪ್ಯೂಟರ್ ಮುಂದೆ ಕೂರುವವಳು ನಾನು. ಒಬ್ಬೊಬ್ಬರ ಫೋಟೋ ಅವರವರ ಹೆಸರಿನಲ್ಲಿ ಬೇಕು, ಜೊತೆಗೆ ಎಲ್ಲರ ಮುಖವೂ ಇರುವ ಒಂದು ದೊಡ್ಡ ಹಾಳೆ ಬೇಕು, ಅದನ್ನು ಶಾಲೆಯ ಹಾಲಿನಲ್ಲಿ ತೂಗುಹಾಕುತ್ತೇವೆ ಎಂದರು.

ನೀನು ಲೈಟಿನವಳು, ಈ ಒಳಗಿನ ಕೆಲಸ ನೋಡಿದವಳಲ್ಲ, ಆದ್ದರಿಂದ ಸ್ವಲ್ಪ ಪಾಠ ಮಾಡುತ್ತೇನೆ. ಕ್ಯಾಮೆರಾಗೆ ಯಾರ ಹೆಸರೂ ಗೊತ್ತಿಲ್ಲ, ಅದು ಪ್ರತಿ ಫೋಟೋಗೂ ಬರೀ ಒಂದು ನಂಬರ್ ಕೊಡುತ್ತದೆ. ಫೋಟೋಗೆ ಕೂರಲು ಮಕ್ಕಳು ಸ್ಟೂಲಿನ ಹತ್ತಿರ ತರುತ್ತಿದ್ದ ಹೆಸರಿನ ಚೀಟಿ ನೆನಪಿದೆಯಲ್ಲ? ಆ ಚೀಟಿಯಿಂದಲೇ ಮುಖಕ್ಕೂ ಶಾಲೆಯ ಪಟ್ಟಿಯಲ್ಲಿರುವ ಹೆಸರಿಗೂ ಗಂಟು ಬೀಳುವುದು. ಹಳೆಯ ಸಂಗ್ರಹದಿಂದ ಫೋಟೋ ಹೊರಗೆ ತೆಗೆಯುವಾಗ ಸಾಫ್ಟ್‌ವೇರ್ ಆ ನಂಬರ್ ಕಿತ್ತುಹಾಕಿ ತರಗತಿ, ಹೆಸರು ಎಂದು ಬರೆದು ಕೊಡುತ್ತದೆ. ಚೀಟಿ ಇಲ್ಲದವರು 'ಹೆಸರಿಲ್ಲದವು' ಎಂಬ ಬೇರೆ ಫೋಲ್ಡರಿಗೆ ಹೋಗುತ್ತಾರೆ. ಅದನ್ನು ಯಾರೂ ತೆರೆಯುವುದಿಲ್ಲ.

ನಾನೂ ತೆರೆಯುತ್ತಿರಲಿಲ್ಲ, ಒಂದು ಎಡವಟ್ಟು ಮಾಡಿಕೊಳ್ಳದಿದ್ದರೆ. ಫೈಲಿನ ಹೆಸರು ಹೇಗಿರಬೇಕೆಂದು ಹೇಳುವ ಜಾಗದಲ್ಲಿ 'ತರಗತಿ' ಎಂದಷ್ಟೇ ಕೊಟ್ಟು 'ಹೆಸರು' ಸೇರಿಸುವುದನ್ನು ಮರೆತೆ. ಎಲ್ಲ ಫೋಟೋಗೂ ಒಂದೇ ಹೆಸರು ಬಿತ್ತು, ಒಂದರ ಮೇಲೊಂದು ಕೂತು ಹಿಂದಿನದನ್ನು ಅಳಿಸುತ್ತಾ ಬಂತು. ಕೊನೆಗೆ ಫೋಲ್ಡರಿನಲ್ಲಿ ಉಳಿದವನು ಪಟ್ಟಿಯ ಕಟ್ಟಕಡೆಯ ಹುಡುಗ ಒಬ್ಬನೇ. ಇಡೀ ತರಗತಿಯನ್ನು ನುಂಗಿ ನೀರು ಕುಡಿದವನಂತೆ ಹಲ್ಲು ಕಿರಿದು ಕೂತಿದ್ದ! ಯಜಮಾನರು ಹಿಂದಿನಿಂದ ಬಗ್ಗಿ ನೋಡಿ "ಯಾಕಮ್ಮ, ಮಿಕ್ಕೋರೆಲ್ಲ ರಜಾನಾ?" ಎಂದರು. ನಾಚಿಕೆಯಾಗಿ, ಈ ಸಲ ಯಾರೂ ತಪ್ಪಿಹೋಗಬಾರದೆಂದು ಪರದೆಯ ಮೇಲೆ ಕಂಡಕಂಡ ಆಯ್ಕೆಗಳನ್ನೆಲ್ಲ ಒತ್ತಿ ಮತ್ತೆ ಹೊರಗೆ ತೆಗೆದೆ. ಹೆಸರಿಲ್ಲದವೂ ಬಂದುಬಿಟ್ಟವು.

ಬಂದವಳು ನೀನು ಕಣೆ ಅಕ್ಕ! ನೀನು!

ಮಕ್ಕಳು ಬರುವ ಮೊದಲು ಯಜಮಾನರು ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬೆಳಕು ಸರಿಯಿದೆಯೇ ಎಂದು ನೋಡುತ್ತಿದ್ದರಲ್ಲ, ಆ ಫೋಟೋಗಳು. ತಡೆಯಲಾಗದೆ ಬೇರೆ ಶಾಲೆಗಳ ಫೋಲ್ಡರುಗಳನ್ನೂ ತೆರೆದೆ. ಎಲ್ಲೆಲ್ಲೂ ನೀನೇ. ಒಂದರಲ್ಲಿ ಬಾಯಿತುಂಬ ಆಕಳಿಸುತ್ತಿದ್ದೀಯ, ಇನ್ನೊಂದರಲ್ಲಿ ಬಾಯಲ್ಲಿ ಏನೋ ತುಂಬಿಕೊಂಡು ಕೆನ್ನೆ ಉಬ್ಬಿದೆ, ಮತ್ತೊಂದರಲ್ಲಿ ಯಾರಿಗೋ ವೈರು ಎಳೆಯಲು ಕೂಗುತ್ತಿದ್ದೀಯ. ಒಂದರಲ್ಲಾದರೂ ನೆಟ್ಟಗೆ ಕೂತಿದ್ದೀಯೇನೇ? ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನಿನ್ನ ಶಾಲೆಯದು ಮಾತ್ರ ಹಾಗಿಲ್ಲ. ನಿನ್ನ ತರಗತಿಯವರ ಫೋಟೋ ತೆಗೆದ ದಿನದ್ದು ಹಾಗಿಲ್ಲ. ಸ್ಟುಡಿಯೋದ ನೀಲಿ ಕೋಟನ್ನು ಕಳಚಿ ಪಕ್ಕದ ಕುರ್ಚಿಗೆ ಹಾಕಿದ್ದೀಯ, ಅದರ ತೋಳು ಚೌಕಟ್ಟಿನ ಮೂಲೆಯಲ್ಲಿ ಕಾಣುತ್ತದೆ. ಕೋಟಿನ ಒಳಗೆ ನೀನು ಹಾಕಿಕೊಂಡು ಬಂದಿದ್ದು ಶಾಲೆಯ ಯೂನಿಫಾರ್ಮ್. ಎರಡು ಜಡೆ, ರಿಬ್ಬನ್, ತೊಡೆಯ ಮೇಲೆ ಕೈ, ಗಲ್ಲ ಸ್ವಲ್ಪ ಮೇಲಕ್ಕೆ. ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದೀಯ.

ಆಗ ನನಗೆ ಆ ಬೆಳಗ್ಗೆ ನೆನಪಾಯಿತು. ನೀನು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ. "ಕೆಲಸಕ್ಕೆ ಹೋಗೋಕೆ ಅದ್ಯಾಕೆ?" ಎಂದು ಅಮ್ಮ ಕೇಳಿದರೆ "ಬೇರೇದು ಒಣಗಿಲ್ಲಮ್ಮ" ಎಂದೆ. ಒಣಗಿದ ಬಟ್ಟೆಯನ್ನೆಲ್ಲ ಮಡಚಿ ಇಟ್ಟವಳು ನಾನೇ! ಅಕ್ಕ ಯಾಕೆ ಸುಳ್ಳು ಹೇಳಿದಳೋ ಎಂದುಕೊಂಡು ಆಡಲು ಓಡಿದ್ದೆ. ಈಗ ಕಂಪ್ಯೂಟರ್ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಮುಗಿಸಿ, ಕುರ್ಚಿ ಹಿಂದಕ್ಕೆ ತಳ್ಳಿ, ನಿಜವಾಗಿಯೂ ಎದ್ದು ಕುಣಿದೆ.

ನಿನ್ನ ಆ ಫೋಟೋ ಆದಮೇಲಿನದು ಪಟ್ಟಿಯ ಮೊದಲ ಹುಡುಗಿಯದು. ಅದರ ಅಂಚಿನಲ್ಲಿ ನೀಲಿ ತೋಳಿನ ಒಂದು ಕೈ ಅವಳ ಕಾಲರ್ ಸರಿ ಮಾಡುತ್ತಿದೆ.

ಯಜಮಾನರನ್ನು ಕೂಗಿ ತೋರಿಸಿದೆ. ಹತ್ತಿರ ಬಂದು ನೋಡಿದರು. "ನನಗೊಂದು ಕಾಪಿ ಕೊಡಿ ಅಂತ ಒಂದು ಸಲಾನೂ ಕೇಳ್ಲಿಲ್ವಲ್ಲಮ್ಮ ನಿಮ್ಮಕ್ಕ" ಎಂದರು. ಹಾಳೆಯಲ್ಲಿ ಸೇರಿಸಲೇ ಎಂದರೆ ಮಾತ್ರ ತಲೆ ಅಲ್ಲಾಡಿಸಿದರು. "ಪಟ್ಟಿಲಿ ಇಲ್ಲದ ಹೆಸರನ್ನ ನಾವಾಗಿ ನಾವೇ ಸೇರಿಸೋ ಹಾಗಿಲ್ಲ. ಶಾಲೆಯೋರು ಹೂಂ ಅನ್ನಲಿ, ನನ್ನದೇನೂ ಅಡ್ಡಿಯಿಲ್ಲ." ಅವರ ಮೇಲೆ ಸಿಟ್ಟು ನೆತ್ತಿಗೇರಿತು, ಆದರೆ ಅವರು ಹೇಳಿದ್ದು ಸರಿಯೇ ಇತ್ತು. ನಿನ್ನ ಫೋಟೋವನ್ನು ಪ್ರಿಂಟ್ ಹಾಕಿಕೊಂಡು ಒಂದೇ ಉಸಿರಿಗೆ ಶಾಲೆಗೆ ಹೋದೆ.

ನಿಮಗೆ ಗಣಿತ ಹೇಳುತ್ತಿದ್ದ ಮಿಸ್ ಈಗ ಅಲ್ಲಿ ಮುಖ್ಯೋಪಾಧ್ಯಾಯಿನಿ. ದನಿ ಇನ್ನೂ ಹಾಗೇ ಇದೆ. ಎಲ್ಲ ಹೇಳಿದೆ. ಬೇಡ ಎಂದುಬಿಟ್ಟರೆ ನಿನ್ನನ್ನು ಕೂಟಕ್ಕೆ ಕರೆತರಲು ನನ್ನ ಬಳಿ ಬೇರೆ ದಾರಿಯೇ ಇರಲಿಲ್ಲ. ಅವರು ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದರು.

"ಅವತ್ತು ಈ ಹುಡುಗಿ ಶಾಲೆಗೆ ಬಂದಿದ್ಲಾ?"

"ಬಂದಿದ್ಲು ಮಿಸ್. ಎಲ್ಲರಿಗಿಂತ ಮುಂಚೆ ಬಂದಿದ್ಲು."

"ಯೂನಿಫಾರ್ಮ್ ಹಾಕ್ಕೊಂಡು ಬಂದಿದ್ಲು."

"ಹೂಂ ಮಿಸ್."

"ಮತ್ತೆ ನನ್ನನ್ನೇನು ಕೇಳ್ತೀಯ? ಬಂದೋರಿಗೆ ಹಾಜರಿ ಹಾಕು."

ವಾಪಸ್ ಹೇಗೆ ಬಂದೆನೋ ಗೊತ್ತಿಲ್ಲ ಅಕ್ಕ, ಕಾಲು ನೆಲದ ಮೇಲಿರಲಿಲ್ಲ. ಬಂದವಳೇ ನಿನ್ನ ಫೋಟೋ ತೆರೆದು ಹೆಸರಿನ ಜಾಗದಲ್ಲಿ ನಿನ್ನ ಹೆಸರು ಬರೆದೆ. ತರಗತಿಯ ಜಾಗದಲ್ಲಿ ಹತ್ತು ಎಂದು ಹಾಕಿದೆ. ಯಜಮಾನರು ಪಕ್ಕದಲ್ಲೇ ನಿಂತು ಅಕ್ಷರ ಸರಿಯಿದೆಯೇ ಎಂದು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ಮತ್ತೆ ಜೋಡಿಸಲು ಕಂಪ್ಯೂಟರಿಗೆ ಹೇಳಿದೆ. ಅಲ್ಲಿ ಮುಖಗಳು ಹೆಸರಿನ ಅಕ್ಷರದ ಸರದಿಯಲ್ಲಿ ಕೂರುತ್ತವೆ, ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ. ನೋಡುತ್ತಿದ್ದಂತೆ ನೀನು ಎರಡನೇ ಸಾಲಿನಲ್ಲಿ ಬಂದು ಕೂತೆ, ಉದ್ದ ಜಡೆಯವಳ ಪಕ್ಕದಲ್ಲೇ. ನಿನ್ನ ನಂತರದವರೆಲ್ಲ, ಹಲ್ಲು ಕಿರಿದು ಕೂತಿದ್ದ ಆ ಕಡೆಯ ಹುಡುಗನವರೆಗೂ, ಒಬ್ಬೊಬ್ಬರಾಗಿ ಒಂದೊಂದು ಮನೆ ಆಚೆ ಸರಿದು ನಿನಗೆ ಜಾಗ ಬಿಟ್ಟರು.

ಹಾಳೆಯ ಒಂದು ಪ್ರತಿಯನ್ನು ಇದರ ಜೊತೆ ಸುತ್ತಿ ಕಳಿಸಿದ್ದೇನೆ. ಕೂಟದ ದಿನ, ಭಾನುವಾರ ಬೆಳಗ್ಗೆ ಶಾಲೆಯ ಬಾಗಿಲಲ್ಲಿ ಕಾಯುತ್ತಿರುತ್ತೇನೆ, ಬಾ. ನಗುತ್ತಾ ಬಾ, ಗಲ್ಲ ಮೇಲೆತ್ತಿ ಬಾ, ನಿನಗೆ ಎಲ್ಲ ಒಳ್ಳೆಯದೇ ಆಗಲಿ.

ಕುಣಿದು ಸುಸ್ತಾಗಿರುವ,
ನಿನ್ನ ತಂಗಿ