ಕೊನೆಯ ಬಿಡುನೀರು

೨೪೧೭, ಹದಿನಾಲ್ಕನೆಯ ಒಣತಿಂಗಳು

ಹಿಂದಿನವರೇ,

ವರ್ಷಕ್ಕೆ ಹದಿನಾಲ್ಕು ತಿಂಗಳೆಂದರೆ ನಿಮಗೆ ವಿಚಿತ್ರವೆನಿಸಬಹುದು. ನನ್ನ ಮಾತೂ ಹಾಗೆಯೇ ಕೇಳಿಸಬಹುದು, ಮನ್ನಿಸಿ. ನೀರಿನ ಬಗ್ಗೆ ನೀವು ಆಡುತ್ತಿದ್ದ ಎಷ್ಟೋ ಪದಗಳು ನಮ್ಮಲ್ಲಿ ಬಳಕೆಯಿಲ್ಲದೆ ಸತ್ತುಹೋಗಿವೆ.

ಕಣಿವೆಯ ತಲೆಯಲ್ಲಿ ನೀವು ಕಟ್ಟಿದ ಅಣೆಕಟ್ಟು ಇನ್ನೂ ನಿಂತಿದೆ. ವರ್ಷಕ್ಕೊಮ್ಮೆ, ಗೊತ್ತುಮಾಡಿದ ಬೆಳಿಗ್ಗೆ, ಗೇಟು ಎತ್ತುತ್ತಾರೆ. ಅದನ್ನು ಬಿಡುನೀರು ಎನ್ನುತ್ತೇವೆ. ಮೊಣಕಾಲುದ್ದದ ಆ ನೀರಿನಲ್ಲಿ ಒಬ್ಬರೇ ಕೂರುವ ಕಿರುದೋಣಿಗಳಾದ ಕಯಾಕ್‌ಗಳು ಬಂಡೆಗೆ ತಾಗುತ್ತ, ಕೆರೆಯುತ್ತ ಇಳಿಯುತ್ತವೆ. ಊರೆಲ್ಲ ಕಣಿವೆಯ ಅಂಚಿನಲ್ಲಿ ಬುತ್ತಿ ಬಿಚ್ಚಿ ಕೂರುತ್ತದೆ. ಅಷ್ಟು ನೀರಿನಲ್ಲಿ ಯಾರೂ ಮಗುಚುವುದಿಲ್ಲ. ಆದರೂ ಮಗುಚಿದ ದೋಣಿಯನ್ನು ಒಳಗಿದ್ದುಕೊಂಡೇ ಹೊರಳಿಸಿ ಮೇಲೇಳುವ ನಿಮ್ಮ ವಿದ್ಯೆಯನ್ನು ಬಿಡಲಾಗದೆ ಉಸುಕಿನ ಮೇಲೆ ಆಡುತ್ತೇವೆ. ಆಡುವವರು ದೋಣಿಯೊಡನೆ ಉಸುಕಿಗೆ ಉರುಳಿ ಸುಮ್ಮನಾಗುತ್ತಾರೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಜೋರಾದಾಗ ಅವರು ಏಳುತ್ತಾರೆ. ನನ್ನ ಮಗಳು ಹೊನಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಬಿದ್ದಿರುತ್ತಿದ್ದಳು.

ಈ ವರ್ಷ ಅಣೆಕಟ್ಟು ಬಿರುಕು ಬಿಟ್ಟಿತು. ಇದ್ದ ನೀರನ್ನೆಲ್ಲ ಒಮ್ಮೆಗೇ ಬಿಟ್ಟುಬಿಡುವುದೆಂದು ತೀರ್ಮಾನವಾಯಿತು. ಇನ್ನು ಮುಂದೆ ಬಿಡುನೀರಿಲ್ಲ. ನಾನು ಹೊನಲಿಗೆ ಇಳಿಯಬೇಡವೆಂದೆ.

"ಉಸುಕಿನ್ಯಾಗ ಹೊಳ್ಳಿದಾಕಿ ನಾ. ನೀರು ಅದಕ್ಕಿಂತ ಮೆತ್ತಗ ಇರತೈತೇಳಪಾ," ಎಂದು ನಕ್ಕಳು.

ನೀರು ಬಂತು. ಅದರ ಸದ್ದು ನಮಗೆ ಗೊತ್ತಿರಲಿಲ್ಲ. ಗುಡ್ಡ ಜಾರುತ್ತಿದೆಯೆಂದು ಮುದುಕರು ಎದ್ದು ನಿಂತರು. ಹೊನಲಿಯ ಹಳದಿ ಕಯಾಕ್ ಎರಡು ಬಂಡೆಗಳ ನಡುವೆ ಏರಿತು, ಇಳಿಯಿತು, ಮಗುಚಿತು.

"ನೋಡ್ರಿ, ಹೊಳ್ಳಾಕತ್ತಾಳ! ಬಡೀರಿ ಚಪ್ಪಾಳಿ!" ಎಂದಳು ನೆರೆಮನೆಯ ನಾಗವ್ವ. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ನೀರಿನೊಳಗೆ ಎಷ್ಟು ಹೊತ್ತಾದರೆ ಹೆಚ್ಚು ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ದೋಣಿ ಬೋರಲಾಗಿಯೇ ತಿರುವು ದಾಟಿತು. "ನಿನ್ನ ಮಗಳಿಗೆ ಭಾರೀ ದಮ್ ಐತಿ ಬಿಡೋ," ಎಂದು ಯಾರೋ ನನ್ನ ಹೆಗಲು ತಟ್ಟಿದರು.

ಸಂಜೆಯ ಹೊತ್ತಿಗೆ ಕಣಿವೆಯಲ್ಲಿ ನೀರು ಖಾಲಿಯಾಗಿತ್ತು. ನಡೆದುಕೊಂಡೇ ಹೋಗಿ ಅವಳನ್ನು ಹೊತ್ತು ತಂದೆವು.

ನಿಮ್ಮ ಕಾಲದ ಒಂದು ಚಿತ್ರ ನಮ್ಮ ಚಾವಡಿಯಲ್ಲಿದೆ. ತುಂಬಿದ ಕಣಿವೆ, ಕಯಾಕ್‌ಗಳು, ಪಕ್ಕದ ಬಂಡೆಯ ಮೇಲೆ ಹಗ್ಗದ ಸುರುಳಿ ಹಿಡಿದು ನಿಂತ ಒಬ್ಬ ಮನುಷ್ಯ. ಅವನೂ ನಮ್ಮಂತೆ ನೋಡಲು ಬಂದವನೆಂದುಕೊಂಡಿದ್ದೆವು. ಅಂಥ ಹಗ್ಗ ನಮ್ಮಲ್ಲಿ ಮನೆಮನೆಯಲ್ಲೂ ಇದೆ; ಬಟ್ಟೆ ಒಣಹಾಕುತ್ತೇವೆ. ಈಗ ದಿನವೂ ಆ ಚಿತ್ರದ ಮುಂದೆ ಕೂರುತ್ತೇನೆ. ಆ ಹಗ್ಗ ಯಾರಿಗೆಂದು ಈಗ ತಿಳಿದು ಮಾಡುವುದೇನೂ ಉಳಿದಿಲ್ಲ.

ನಿಮ್ಮಲ್ಲಿ ಬರುವ ವಾರವೂ ಗೇಟು ಎತ್ತುತ್ತಾರೆ. ನೋಡಲು ಹೋದಾಗ ಯಾರಾದರೂ ಮಗುಚಿದರೆ, ನೀರನ್ನು ಬಿಟ್ಟು ಹಗ್ಗ ಹಿಡಿದು ನಿಂತ ಆ ಮನುಷ್ಯನ ಕೈಗಳನ್ನು ನೋಡಿ.

ಹೊನಲಿಯ ಅಪ್ಪ